ಆಮಿಶ್ ಜನಕ್ಕೆ ಕರೆಂಟ್ ಬೇಡ, ಕಂಪ್ರೆಸರ್ ಓಕೆ. ಇದನ್ನ ಡಿಸೈಡ್ ಮಾಡೋರು ಯಾರು?

ಹಾಸನ್_ಟು_ಹ್ಯಾರಿಸ್‌ಬರ್ಗ್:

ಎಲ್ರಿಗೂ ನಮಸ್ಕಾರ. ಹೋದ ಶನಿವಾರದಿಂದ ಒಂದು ವಿಷ್ಯ ತಲೆ ಕೊರೀತಿದೆ, ಗೊತ್ತಿರೋರು ಇದ್ರೆ ಹೇಳಿ. ನಾವಿರೋದು ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಕಡೆ, ಇಲ್ಲಿಂದ ಕಾರಲ್ಲಿ ಸ್ವಲ್ಪ ದೂರ ಹೋದ್ರೆ ಲ್ಯಾಂಕಾಸ್ಟರ್ ಕೌಂಟಿ, ಆಮಿಶ್ ಜನ ಇರೋ ಸೀಮೆ. ಅಮ್ಮ ಊರಿಂದ ಬಂದಿದಾರೆ, ಹಿತ್ಲಲ್ಲಿ ಕೂರೋಕೆ ಮರದ ಉಯ್ಯಾಲೆ ಬೇಕು ಅಂದ್ರು, ಸರಿ ಅಂತ ಅಲ್ಲೊಬ್ರು ಆಮಿಶ್ ಬಡಗಿ ಶೆಡ್ಡಿಗೆ ಕರ್ಕೊಂಡು ಹೋದೆ.

ನಾನು ಅನ್ಕೊಂಡಿದ್ದು ಲಾಂದ್ರದ ಬೆಳಕಲ್ಲಿ ಉಳಿ ಸುತ್ತಿಗೆ ಹಿಡ್ಕೊಂಡು ಟಕ್ ಟಕ್ ಅಂತ ಕೆಲ್ಸ ಮಾಡ್ತಿರ್ತಾರೆ ಅಂತ. ಒಳಗೆ ಹೋದ್ರೆ ಗರಗಸ, ಸ್ಯಾಂಡರ್, ಡ್ರಿಲ್ಲು ಎಲ್ಲಾ ಮೆಷೀನೇ, ಆದ್ರೆ ಒಂದಕ್ಕೂ ವೈರಿಲ್ಲ, ಎಲ್ಲಕ್ಕೂ ರಬ್ಬರ್ ಪೈಪು! ಹಿಂದ್ಗಡೆ ಬೇರೆ ಕೋಣೇಲಿ ಡೀಸೆಲ್ ಇಂಜಿನ್ ಓಡ್ತಿದೆ, ಅದು ಕಂಪ್ರೆಸರ್ ತಿರುಗಿಸಿ ದೊಡ್ಡ ಟ್ಯಾಂಕಿಗೆ ಗಾಳಿ ತುಂಬುತ್ತೆ, ಆ ಗಾಳಿ ಪ್ರೆಶರಲ್ಲಿ ಮೆಷೀನೆಲ್ಲ ತಿರುಗುತ್ತೆ. ಕರೆಂಟ್ ಮೋಟ್ರು ಕಿತ್ತಾಕಿ ಗಾಳಿ ಮೋಟ್ರು ಕೂರಿಸಿದಾರೆ. ತಲೆ ಮೇಲೆ ಎಲ್‌ಇಡಿ ಲೈಟು, ಅದು ಕಾರ್ಡ್‌ಲೆಸ್ ಡ್ರಿಲ್ಲಿಗೆ ಹಾಕೋ ಬ್ಯಾಟರೀಲಿ ಉರೀತಿದೆ, ಬ್ಯಾಟರಿ ಚಾರ್ಜ್ ಆಗೋದು ಸೂರಿನ ಮೇಲಿರೋ ಸೋಲಾರ್ ಪ್ಯಾನೆಲ್ಲಿಂದ. ಫೋನಿದ್ಯಾ ಅಂದ್ರೆ ಇದೆ, ಆದ್ರೆ ಮನೇಲಿಲ್ಲ, ಹೊಲದ ಅಂಚಲ್ಲಿ ಒಂದು ಮರದ ಗೂಡು ಮಾಡಿ ಅದ್ರೊಳಗೆ ಇಟ್ಟಿದಾರೆ. ರಸ್ತೆ ಪಕ್ಕದಲ್ಲೇ ಕರೆಂಟ್ ಕಂಬ ಹಾದು ಹೋಗಿದೆ, ಅದ್ರಿಂದ ಇವ್ರ ಮನೆಗೆ ಒಂದು ತಂತಿ ಎಳ್ದಿಲ್ಲ.

ಅಮ್ಮ ಎಲ್ಲಾ ನೋಡಿ, "ಇಷ್ಟೆಲ್ಲ ಒದ್ದಾಡೋ ಬದ್ಲು ಒಂದು ಮೀಟ್ರು ಹಾಕಿಸ್ಕೊಳೋದಲ್ವೇನೋ" ಅಂದ್ರು. ನನ್ ಪ್ರಶ್ನೇನೂ ಅದೇ. ಡೀಸೆಲ್ ಓಕೆ, ಸೋಲಾರ್ ಓಕೆ, ಕಂಬದ ಕರೆಂಟ್ ಯಾಕೆ ಬೇಡ? ಇದನ್ನ ಕೂತು ತೀರ್ಮಾನ ಮಾಡೋರು ಯಾರು?

ತರ್ಲೆ_ತಮ್ಮಯ್ಯ:

ಯಾವ ಆಮಿಷಕ್ಕೂ ಬಗ್ಗದೇ ಇರೋರಿಗೆ ಆಮಿಶ್ ಅಂತ ಹೆಸರಿಟ್ಟಿದಾರಲ್ಲ ಗುರು, ಅದಕ್ಕೆ ಮೊದ್ಲು ಉತ್ರ ಕೊಡಿ.

ಓಹಾಯೋ_ಸಿಸ್ಟರ್:

ತಮ್ಮಯ್ಯ, ಹೆಸರು ಬಂದಿದ್ದು ಯಾಕೋಬ್ ಅಮ್ಮಾನ್ ಅನ್ನೋರಿಂದ, 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತೆ ಅಲ್ಸಾಸ್ ಕಡೆ ಅನಾಬ್ಯಾಪ್ಟಿಸ್ಟರ (ದೊಡ್ಡವರಾದ್ಮೇಲೇ ದೀಕ್ಷಾಸ್ನಾನ ತಗೊಂಡು ಚರ್ಚಿಗೆ ಸೇರ್ಬೇಕು ಅನ್ನೋ ಕ್ರೈಸ್ತ ಪಂಥ) ಒಳಗೇ ಜಗಳ ಆಗಿ ಬೇರೆಯಾದ ಗುಂಪು. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಗೆ ಬಂದ್ರು. ಈಗ ಸುಮಾರು 4 ಲಕ್ಷ ಜನ ಇದಾರೆ. ಯುರೋಪಲ್ಲಿ ಒಬ್ರೂ ಉಳಿದಿಲ್ಲ.

ಹಾಸನದವ್ರೆ, ನಾನು ಓಹಾಯೋದ ಹೋಮ್ಸ್ ಕೌಂಟಿ ಪಕ್ಕದಲ್ಲಿ ಹನ್ನೆರಡು ವರ್ಷದಿಂದ ನರ್ಸ್ ಕೆಲ್ಸ ಮಾಡ್ತಿದೀನಿ, ನನ್ ಪೇಷಂಟುಗಳಲ್ಲಿ ಆಮಿಶ್ ಜನಾನೇ ಜಾಸ್ತಿ. ನನಗೆ ಗೊತ್ತಿರೋಷ್ಟು ಹೇಳ್ತೀನಿ. ಮೊದಲನೇದು, ಆಮಿಶ್‌ಗೆ ಪೋಪ್ ಥರ ಒಬ್ರು ಹೆಡ್ಡಿಲ್ಲ, ಹೆಡ್ ಆಫೀಸೂ ಇಲ್ಲ. ಇರೋದು ಚರ್ಚ್ ಡಿಸ್ಟ್ರಿಕ್ಟ್, ಅಂದ್ರೆ ಅಕ್ಕಪಕ್ಕದ 25-35 ಮನೆಗಳು. ಯಾಕೆ ಅಷ್ಟೇ ಅಂದ್ರೆ ಇವ್ರಿಗೆ ಚರ್ಚ್ ಕಟ್ಟಡವೇ ಇರಲ್ಲ, ಎರಡು ವಾರಕ್ಕೊಂದು ಭಾನುವಾರ ಸರದಿ ಪ್ರಕಾರ ಒಬ್ಬೊಬ್ರ ಮನೇಲಿ ಪ್ರಾರ್ಥನೆ, ಬೆಂಚುಗಳು ಗಾಡೀಲಿ ಮನೆಯಿಂದ ಮನೆಗೆ ಹೋಗ್ತಾವೆ. ಒಂದು ಮನೇಲೋ ಕೊಟ್ಟಿಗೆಲೋ ಹಿಡಿಯೋಷ್ಟು ಜನ ಇದ್ರೆ ಅದೇ ಒಂದು ಡಿಸ್ಟ್ರಿಕ್ಟ್, ಜಾಸ್ತಿ ಆದ್ರೆ ಎರಡಾಗುತ್ತೆ. ಅಂಥವು ಎರಡೂವರೆ ಸಾವಿರಕ್ಕೂ ಹೆಚ್ಚಿವೆ.

ಪ್ರತಿ ಡಿಸ್ಟ್ರಿಕ್ಟಿಗೂ ಅದರದ್ದೇ ಓರ್ಡ್‌ನುಂಗ್ ಇರುತ್ತೆ. ಕಟ್ಟಲೆ ಅನ್ಕೊಳ್ಳಿ. ಬಹುಪಾಲು ಬರೆದಿಟ್ಟಿರಲ್ಲ, ಎಲ್ರಿಗೂ ಬಾಯಲ್ಲೇ ಗೊತ್ತಿರುತ್ತೆ, ಟೋಪಿ ಅಂಚು ಎಷ್ಟಗಲ ಅನ್ನೋದ್ರಿಂದ ಹಿಡಿದು ಟ್ರ್ಯಾಕ್ಟರ್ ಎಲ್ಲಿ ಓಡಿಸ್ಬೋದು ಅನ್ನೋವರೆಗೂ. ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತೆ ಶರತ್ಕಾಲದಲ್ಲಿ, ಪ್ರಭುಭೋಜನ ಇರುತ್ತೆ, ಅಂದ್ರೆ ಯೇಸುವಿನ ಕೊನೇ ಊಟದ ನೆನಪಿಗೆ ಎಲ್ರೂ ರೊಟ್ಟಿ, ದ್ರಾಕ್ಷಾರಸ ಹಂಚ್ಕೊಳೋದು. ಅದಕ್ಕೆ ಮುಂಚೆ ದೀಕ್ಷಾಸ್ನಾನ ತಗೊಂಡಿರೋ ಎಲ್ಲರೂ ಸೇರಿ ಈ ಕಟ್ಟಲೆಗೆಲ್ಲ ನಾವಿನ್ನೂ ಒಪ್ಕೊಂಡಿದೀವಾ, ನಮ್ಮೊಳಗೆ ಯಾರಿಗಾದ್ರೂ ಯಾರ ಮೇಲಾದ್ರೂ ಅಸಮಾಧಾನ ಇದ್ಯಾ ಅಂತ ಕೇಳ್ತಾರೆ. ಒಮ್ಮತ ಆಗ್ಲಿಲ್ಲ ಅಂದ್ರೆ ಪ್ರಭುಭೋಜನವೇ ಮುಂದಕ್ಕೆ ಹೋಗುತ್ತೆ. ಅದು ಅವ್ರಿಗೆ ಸಣ್ಣ ವಿಷ್ಯ ಅಲ್ಲ, ಹಬ್ಬದ ದಿನ ಮನೇಲಿ ಒಲೆ ಹಚ್ಚದೇ ಇದ್ದಂಗೆ.

ಮುಂದಾಳುಗಳ ಆಯ್ಕೆ ಇನ್ನೂ ಮಜಾ. ಬಿಷಪ್, ಇಬ್ರು ಬೋಧಕರು, ಒಬ್ರು ಡೀಕನ್ (ಕಷ್ಟದಲ್ಲಿರೋರ ನೆರವು ನೋಡ್ಕೊಳೋರು). ಜಾಗ ಖಾಲಿ ಆದ್ರೆ ಒಬ್ಬೊಬ್ರೇ ಬಂದು ಮೆಲ್ಲಗೆ ಒಂದು ಹೆಸರು ಹೇಳಿ ಹೋಗ್ತಾರೆ, ಹೆಂಗಸ್ರೂ ಹೇಳ್ತಾರೆ, ಎರಡು ಮೂರು ಸಲ ಯಾರ ಹೆಸರು ಬಂತೋ ಅವ್ರೆಲ್ಲರ ಮುಂದೆ ಹಾಡಿನ ಪುಸ್ತಕ ಜೋಡಿಸ್ತಾರೆ, ಒಂದರಲ್ಲಿ ಮಾತ್ರ ಚೀಟಿ. ಚೀಟಿ ಯಾರಿಗೆ ಬಂತೋ ಅವ್ನು ಸಾಯೋವರೆಗೂ ಬೋಧಕ, ಸಂಬಳ ಇಲ್ಲ, ಓದಿಲ್ಲ, ಟ್ರೈನಿಂಗಿಲ್ಲ, ಬೇಡ ಅನ್ನೋ ಹಾಗೂ ಇಲ್ಲ. ಚೀಟಿ ಬಂದವ್ನು ಅಳ್ತಾನಂತೆ.

ಇನ್ನೊಂದು, ಇವ್ರೇನು ಕಮಿಟಿ ಮಾಡ್ಕೊಂಡು ಹೊಸ ಸಾಮಾನು ಮಾರ್ಕೆಟ್ಟಿಗೆ ಬಂದಾಗೆಲ್ಲ ಪಾಸು ಫೇಲು ಮಾಡ್ತಾರೆ ಅನ್ಕೋಬೇಡಿ. ಯಾರೋ ಒಬ್ಬ ತರ್ತಾನೆ. ಉಳಿದವ್ರು ನೋಡ್ತಾರೆ. ಗೊಣಗಾಟ ಬರ್ಲಿಲ್ಲ ಅಂದ್ರೆ ನಿಧಾನಕ್ಕೆ ಉಳ್ಕೊಳುತ್ತೆ. ಗೊಣಗಾಟ ಬಂದ್ರೆ ಬಿಷಪ್ ಕಿವಿಗೆ ಹೋಗುತ್ತೆ, ಆಮೇಲೆ ಸಭೇಲಿ ಬರುತ್ತೆ. ಎಷ್ಟೋ ಸಲ ಹತ್ತು ವರ್ಷ ಬಳಸಿ ಆಮೇಲೆ ಬೇಡ ಅಂದಿದ್ದೂ ಇದೆ.

ಲಾಜಿಕ್_ಎಲ್ಲಿದೆ:

ಎಲ್ಲಾ ಸರಿ ಮೇಡಂ, ಆದ್ರೆ ಇದರಲ್ಲಿ ತರ್ಕ ಎಲ್ಲಿದೆ? ಕಾರ್ ಇಟ್ಕೊಳಲ್ಲ, ಆದ್ರೆ ಬಾಡಿಗೆಗೆ ಡ್ರೈವರ್ ಕರ್ಸಿ ಕಾರಲ್ಲಿ ಕೂತ್ಕೊಂಡು ವಾಲ್‌ಮಾರ್ಟಿಗೆ ಹೋಗ್ತಾರೆ. ಮನೇಲಿ ಕರೆಂಟಿಲ್ಲ, ಪಕ್ಕದ ಆಮಿಶ್ ಅಲ್ಲದ ಮನೇಲಿ ಫ್ರೀಜರ್ ಇಡ್ಸಿ ತಮ್ಮ ಮಾಂಸ ಅಲ್ಲಿಡ್ತಾರಂತೆ. ಇದಕ್ಕೆ ನಮ್ಮೂರಲ್ಲಿ ಬೇರೆ ಹೆಸ್ರಿದೆ. ಬೇಕಂದ್ರೆ ಬಳಸ್ಬೇಕು, ಬೇಡ ಅಂದ್ರೆ ಬಿಡ್ಬೇಕು, ಕಳ್ಳ ದಾರಿ ಯಾಕೆ?

ಹಳೇ_ಪೇಪರ್_ಧಾರವಾಡ:

ಅದು ಹಂಗಲ್ಲರೀ. ನೀವು "ಈ ವಸ್ತು ಪಾಪ, ಆ ವಸ್ತು ಪುಣ್ಯ" ಅನ್ನೂ ಲೆಕ್ಕದಾಗ ನೋಡಾಕತ್ತೀರಿ, ಅದಕ್ಕ ಕಳ್ಳ ದಾರಿ ಅನಸ್ತೈತಿ. ಅವರು ಕಾರು ಕೆಟ್ಟದ್ದು ಅಂತ ಎಲ್ಲೂ ಹೇಳಿಲ್ಲ. ಕಾರು ಮನಿ ಮುಂದ ನಿಂತ್ರ ಏನಾಗ್ತೈತಿ ಅನ್ನೂದು ಅವರ ಪ್ರಶ್ನೆ. ಮನಸ್ಸಿಗೆ ಬಂದಾಗ ಹೊಂಟು ಹೋಗೂದು, ಮಗ ಐವತ್ತು ಮೈಲಿ ದೂರ ಕೆಲಸಕ್ಕ ಹೋಗೂದು, ಸಂಜಿಗೆ ಬಾಜೂ ಮನಿಯವ ಯಾರು ಅಂತ ಮರತ ಹೋಗೂದು. ಬಾಡಿಗಿ ಕಾರಿಗೆ ಮೈಲಿ ಲೆಕ್ಕದಾಗ ರೊಕ್ಕ ಕೊಡಬೇಕು, ಡ್ರೈವರ್‌ಗ ಮೊದಲ ಹೇಳಿರಬೇಕು, ಹಿಂಗಾಗಿ ನಾಕ್ ಮನಿಯವರು ಕೂಡಿ ಒಂದ ಗಾಡ್ಯಾಗ ಹೋಗಿ ಬರ್ತಾರ. ಅಂದ್ರ ಕಾರಿನ ಉಪಯೋಗ ಸಿಕ್ತು, ಕಾರಿನ ಚಟ ಹತ್ತಲಿಲ್ಲ. ಇಟ್ಟುಕೊಳ್ಳೂದು ಬ್ಯಾರೆ, ಬಳಸೂದು ಬ್ಯಾರೆ.

ಫೋನಿನ ಕಥಿ ಕೇಳ್ರಿ, ಎಲ್ಲಾದಕ್ಕೂ ಅದ ಮೂಲ. 1900ರ ನಂತರ ಲ್ಯಾಂಕಾಸ್ಟರ್ ಕಡೆ ಹಳ್ಳಿಗೆ ಫೋನ್ ಲೈನ್ ಬಂದಾಗ ಕೆಲವು ಆಮಿಶ್ ಮನಿಯವರು ಹಾಕಿಸಿಕೊಂಡರು. ಆಗ ಬ್ಯಾಡ ಅಂತ ಕಟ್ಟಲಿ ಇರಲಿಲ್ಲ. ಆಗಿನ ಕಾಲದ ಹಳ್ಳಿ ಲೈನ್ ಅಂದ್ರ ಹತ್ತು ಮನಿಗೆ ಒಂದ ತಂತಿ, ಒಬ್ಬರು ಮಾತಾಡೂದು ಉಳಿದವರು ಕದ್ದು ಕೇಳಬಹುದು. ಫೋನಿನ್ಯಾಗ ಚಾಡಿ ಮಾತು ಬೆಳೀತು, ಜಗಳ ಆದವು, ಮುಖ ನೋಡಿ ಮಾತಾಡೂದು ಕಡಿಮಿ ಆತು. 1910ರ ಸುಮಾರಿಗೆ ಮನ್ಯಾಗ ಫೋನು ಬ್ಯಾಡ ಅಂತ ತೀರ್ಮಾನ ಆತು. ಅದ ಹೊತ್ತಿನ್ಯಾಗ ಲ್ಯಾಂಕಾಸ್ಟರ್ ಆಮಿಶ್‌ರು ಒಡದ್ರು, ಐದರಾಗ ಒಂದು ಪಾಲು ಜನ ಬಿಟ್ಟು ಹೋದ್ರು. ಫೋನ್ ಒಂದ ಕಾರಣ ಅಲ್ಲ, ಚರ್ಚ್ ಬಿಟ್ಟವರಿಗೆ ಹಾಕೂ ಬಹಿಷ್ಕಾರ ಎಷ್ಟು ಬಿಗಿ ಇರಬೇಕು ಅನ್ನೂದೂ ಇತ್ತು. ಆದ್ರ ಹ್ವಾದವರು ಫೋನ್ ಇಟಗೊಂಡ್ರು, ಹಿಂಗಾಗಿ ಉಳದವರಿಗೆ ಇನ್ನ ಫೋನ್ ಒಪ್ಪಿಕೊಳ್ಳಾಕ ಬರೂ ಹಂಗ ಇರಲಿಲ್ಲ. ಒಪ್ಪಿದ್ರ "ಅವರ ಖರೇ ಇದ್ರು" ಅಂದಂಗ ಆಕ್ಕೈತಿ! ದೇವರ ವಿಚಾರ ಎಷ್ಟಿತ್ತೋ, ಹಟಾನೂ ಅಷ್ಟ ಇತ್ತು ಅಂತ ನನ್ನ ಅನಿಸಿಕಿ.

ಮುಂದ 1930ರ ದಶಕದಾಗ ಕೆಲವು ಮನಿಯವರು ಬಿಷಪ್ ಹತ್ರ ಹೋಗಿ, ಡಾಕ್ಟರ್‌ಗ ಕರೀಬೇಕಂದ್ರ, ಬೆಂಕಿ ಬಿದ್ರ ಏನ್ ಮಾಡೂದು, ನಾಕ್ ಮನಿ ಕೂಡಿ ಒಂದು ಫೋನ್ ಹೊರಗ ಇಟಗೋತೀವಿ ಅಂದ್ರು. ಹೂಂ ಅಂದ್ರು. ಅದ ನೀವು ನೋಡಿದ ಗೂಡು. ಹೊರಗ ಹೋಗಿ ಮಾಡಬಹುದು, ಒಳಗ ಬಂದು ಗಂಟಿ ಬಾರಿಸಿ ಊಟದ ಮುಂದಿಂದ ಎಬ್ಬಿಸಂಗಿಲ್ಲ.

ಕಂಬದ ಕರೆಂಟೂ ಹಂಗ. 1920ರ ಹೊತ್ತಿಗೆ ಬ್ಯಾಡ ಅಂದ್ರು. ಬ್ಯಾಟರಿ ಅದಕ್ಕಿಂತ ಮೊದಲ ಬಳಸತಿದ್ರು, ಅದು ಉಳಕೊಂಡ್ತು. ತಂತಿ ಅಂದ್ರ ಹೊರಗಿನ ಜಗತ್ತಿಗೆ ಕಟ್ಟಿದ ಹಗ್ಗ, ಒಮ್ಮೆ ಗ್ವಾಡ್ಯಾಗ ತೂತು ಬಿತ್ತಂದ್ರ ಅದರ ಹಿಂದ ಏನೇನು ಬರ್ತೈತಿ ಯಾರಿಗೆ ಗೊತ್ತು ಅಂತ. ರೇಡಿಯೋ, ಟೀವಿ ಇನ್ನೂ ಬಂದಿರಲಿಲ್ಲ ನೋಡ್ರಿ ಆಗ.

ಸುಮ್ನೆ_ಓದೋಳು:

ಫೋನ್ ಗೂಡು ಓದಿ ನಮ್ಮ ಬೀದಿ ತುದಿ ಎಸ್‌ಟಿಡಿ ಬೂತ್ ನೆನಪಾಯ್ತು 😄 ರಾತ್ರಿ ಹತ್ತಾದ್ಮೇಲೆ ರೇಟ್ ಕಮ್ಮಿ ಅಂತ ಅಪ್ಪ ಸ್ವೆಟರ್ ಹಾಕ್ಕೊಂಡು ಹೋಗೋರು, ಮುಂಬೈ ಚಿಕ್ಕಪ್ಪಂಗೆ ಮೂರೇ ನಿಮಿಷ. ಆ ಮೂರ್ ನಿಮಿಷದಲ್ಲಿ ಹೇಳೋದೆಲ್ಲ ಚೀಟೀಲಿ ಬರ್ಕೊಂಡು ಹೋಗೋರು.

ತೋಟದ್ಮನೆ_ತಿಪಟೂರು:

ಸಾರ್ ನಾನು ರೈತ, ನಂಗೊಂದು ಡೌಟು. ವಿಡಿಯೋದಲ್ಲಿ ನೋಡಿದೀನಿ, ಆರು ಹೇಸರಗತ್ತೆ ಕಟ್ಕೊಂಡು ಹುಲ್ಲು ಕಂತೆ ಕಟ್ಟೋ ಮೆಷೀನ್ ಎಳೀತಾವ್ರೆ, ಮೆಷೀನ್ ಮೇಲೆ ಇಂಜಿನ್ ಕೂತೈತೆ! ಇಂಜಿನ್ ಇದ್ಮೇಲೆ ಅದೇ ಇಂಜಿನ್‌ಗೆ ಚಕ್ರ ಹಾಕಿದ್ರೆ ಆಗೋಯ್ತಲ್ಲ, ಕತ್ತೆ ಯಾಕೆ? ನಮ್ಮಲ್ಲಿ ಎತ್ತು ಸಾಕೋದು ಎಷ್ಟು ಕಷ್ಟ ಅಂತ ಇವ್ರಿಗೆ ಯಾರಾದ್ರೂ ಹೇಳ್ರಪ್ಪ.

ಹಳೇ_ಪೇಪರ್_ಧಾರವಾಡ:

ತಿಪಟೂರಿನವರ, ಅದು ಕತ್ತಿಗೋಸ್ಕರ ಅಲ್ಲ, ಹೊಲಕ್ಕೋಸ್ಕರ. 1920ರ ದಶಕದಾಗ ಟ್ರ್ಯಾಕ್ಟರ್ ಬಂದಾಗ, ಕೊಟ್ಟಿಗಿ ಹತ್ರ ನಿಲ್ಲಿಸಿ ಬೆಲ್ಟ್ ಹಾಕಿ ಒಕ್ಕಣಿ ಮಾಡ್ರಿ ಅಡ್ಡಿ ಇಲ್ಲ, ಹೊಲಕ್ಕ ಇಳಿಸಬ್ಯಾಡ್ರಿ ಅಂದ್ರು. ಹೊಲಕ್ಕ ಇಳೀತಂದ್ರ ಒಬ್ಬವ ಹತ್ತು ಮಂದಿ ಹೊಲ ಉಳತಾನ, ನಾಳಿ ಹತ್ತು ಮಂದಿ ಹೊಲ ಕೊಳ್ಳತಾನ. ಇನ್ನ ಚಕ್ರಕ್ಕ ರಬ್ಬರ್ ಟೈರ್ ಹಾಕಿದ್ರ ಊರಿಗೂ ಹೋಗತಾನ, ಹಿಂಗಾಗಿ ಅದಕ್ಕ ಬರೇ ಕಬ್ಬಿಣದ ಚಕ್ರ. ಕುದುರಿ ಅಂದ್ರ ಒಂದು ದಿನಕ್ಕ ಇಷ್ಟ ಅಂತ ಐತಿ. ಕುದುರಿಗೆ ದಣಿವಾಗ್ತೈತಿ, ಮನುಷ್ಯಾನ ಆಸೆಗೆ ಆಗಂಗಿಲ್ಲ.

ಹುಲ್ಲಿನ ಮೆಷೀನಿಗೆ ಇಂಜಿನ್ ಹಾಕಿದ್ದು ರಾಜಿ. ಕೆಲಸ ಬೇಗ ಆಗಬೇಕು, ಆದ್ರ ಎಳಿಯೂದು ಪ್ರಾಣಿನ ಆಗಿರಬೇಕು. ಅದಾದ ಮ್ಯಾಲ ಇನ್ನೂ ದೊಡ್ಡ ಕಟಾವು ಮೆಷೀನು ಬಂದಾಗ ಕೆಲವಕ್ಕ ಬ್ಯಾಡ ಅಂದ್ರು, ಅದ ಗದ್ದಲದಾಗ 1966ರಲ್ಲಿ ಮತ್ತ ಒಂದಿಷ್ಟು ಮಂದಿ ಒಡದು ಹೋದ್ರು, ಅವರಿಗೆ ನ್ಯೂ ಆರ್ಡರ್ ಅಂತಾರ. ಒಂದೊಂದು ಗೆರಿ ಎಳದಾಗೂ ಯಾರರ ಗೆರಿ ಆಚೀಗೆ ಉಳೀತಾರ.

ತೋಟದ್ಮನೆ_ತಿಪಟೂರು:

ಅಂದ್ರೆ ಟ್ರ್ಯಾಕ್ಟರ್ ಇದ್ದೋನು ಪಕ್ಕದೋನ್ ಹೊಲ ನುಂಗ್ಬಾರ್ದು ಅಂತ. ಈಗ ಅರ್ಥ ಆಯ್ತು. ನಮ್ಮೂರಲ್ಲಿ ಆಗೋಗಿದ್ದೇ ಅದು, ಬಿಡಿ.

ಕಡಲ_ತಡಿ:

ಅಲ್ಲ ಮಾರಾಯ್ರೆ, ಎಲ್ರೂ ಹೊಗಳ್ತಾ ಕೂತಿದ್ದೀರಿ, ನಾನೊಂದು ಹೇಳ್ಲಾ? ಇದೇ ವಿಷಯ ನಮ್ಮ ಊರಿನ ಒಂದು ಜಾತಿ ಪಂಚಾಯ್ತಿ ಮಾಡಿದ್ರೆ ನಾವು ಎಂತ ಹೇಳ್ತೇವೆ? "ಈ ಮನೆಯವ್ರ ಜೊತೆ ಯಾರೂ ಊಟ ಮಾಡಬಾರ್ದು, ಕೊಡು ಕೊಳ್ಳುವುದು ಬೇಡ" ಅಂತ ಹೇಳಿದ್ರೆ ಅದು ಸಾಮಾಜಿಕ ಬಹಿಷ್ಕಾರ, ಪೇಪರಿನಲ್ಲಿ ಬರ್ತದೆ, ಪೊಲೀಸ್ ಕಂಪ್ಲೇಂಟ್ ಆಗ್ತದೆ. ಇಲ್ಲಿ ಗಡ್ಡ ಬಿಟ್ಟು ಕುದುರೆ ಗಾಡಿಯಲ್ಲಿ ಬಂದು ಮಾಡಿದ್ರೆ ಅದು ಸಮುದಾಯ ಪ್ರಜ್ಞೆ! ಆ ಕಂಪ್ರೆಸರ್, ಫೋನ್ ಗೂಡು ಎಲ್ಲ ಚಂದ ಉಂಟು, ಆದ್ರೆ ಆ ಕಟ್ಟಲೆ ನಿಂತಿರುವುದು ಎಂತದರ ಮೇಲೆ? ಮೀರಿದ್ರೆ ಹೊರಗೆ ಹಾಕ್ತೇವೆ ಅನ್ನುವ ಹೆದರಿಕೆ ಮೇಲೆ.

ಮತ್ತೆ ಮಕ್ಕಳು ಓದುವುದು ಎಂಟನೇ ಕ್ಲಾಸಿನವರೆಗೆ ಮಾತ್ರ. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಹ ವಿಸ್ಕಾನ್ಸಿನ್ ವರ್ಸಸ್ ಯೋಡರ್ ಕೇಸಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು. ಆ ಬೆಂಚಿನಲ್ಲಿ ಜಸ್ಟಿಸ್ ಡಗ್ಲಸ್ ಒಬ್ರೇ ಕೇಳಿದ್ದು, ಅಪ್ಪ ಅಮ್ಮನ ಹಕ್ಕು ಸರಿ, ಮಕ್ಕಳಿಗೆ ಎಂತ ಬೇಕು ಅಂತ ಯಾರಾದ್ರೂ ಕೇಳಿದ್ರಾ ಅಂತ. ಎಂಟನೇ ಕ್ಲಾಸ್ ಓದಿದ ಹುಡುಗಿ ಹೊರಗೆ ಹೋಗಿ ಎಂತ ಮಾಡುದು? "ಒಪ್ಪಿಕೊಂಡು ಇದ್ದಾರೆ" ಅಂತ ಹೇಳುವ ಮೊದಲು ಬೇರೆ ದಾರಿ ಇತ್ತಾ ಅಂತ ನೋಡ್ಬೇಕಲ್ವಾ.

ಓಹಾಯೋ_ಸಿಸ್ಟರ್:

ಕಡಲ ತಡಿ ಅವ್ರೆ, ನೀವು ಹೇಳಿದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ನಾನು ಒಪ್ತೀನಿ. ಒಂದು ತಿದ್ದುಪಡಿ ಮಾತ್ರ. ಅವ್ರಲ್ಲಿ ಹುಟ್ಟಿದ ತಕ್ಷಣ ಯಾರೂ ಸದಸ್ಯ ಆಗಲ್ಲ, 18ರಿಂದ 22ರ ಒಳಗೆ ತಾವಾಗೇ ದೀಕ್ಷಾಸ್ನಾನ ತಗೋಬೇಕು. ಅದಕ್ಕೆ ಮುಂಚೆ ಬಿಟ್ಟು ಹೋದ್ರೆ ಬಹಿಷ್ಕಾರ ಇಲ್ಲ, ಅಪ್ಪ ಅಮ್ಮನಿಗೆ ಬೇಜಾರಷ್ಟೇ, ಹಬ್ಬಕ್ಕೆ ಮನೆಗೆ ಬರ್ತಾರೆ. ದೀಕ್ಷೆ ತಗೊಂಡು ಮಾತು ಕೊಟ್ಟು ಆಮೇಲೆ ಬಿಟ್ರೆ ಮಾತ್ರ ಬಹಿಷ್ಕಾರ. ಹತ್ತರಲ್ಲಿ ಎಂಟೂವರೆ ಜನ ಉಳ್ಕೋತಾರೆ. ಅದು ಪ್ರೀತಿಯಿಂದಾನಾ, ಹೆದ್ರಿಕೆಯಿಂದಾನಾ, ಬೇರೆ ಗೊತ್ತಿಲ್ಲ ಅಂತಾನಾ ಅನ್ನೋದು ಒಬ್ಬೊಬ್ರದ್ದು ಒಂದೊಂದು. ನನಗೆ ಎಲ್ಲಾ ಥರದವ್ರೂ ಸಿಕ್ಕಿದಾರೆ.

ಹೆಂಗಸ್ರಿಗೆ ಸಭೇಲಿ ಮತ ಇದೆ, ಆದ್ರೆ ಬೋಧಕಿ ಆಗೋ ಹಾಗಿಲ್ಲ. ಅದನ್ನೇನೂ ಮುಚ್ಚಿಡಲ್ಲ ನಾನು.

ಆದ್ರೆ ಒಂದು ವಿಷ್ಯದಲ್ಲಿ ಇವ್ರನ್ನ ಹಳೇ ಕಾಲದ ಗೊಡ್ಡು ಜನ ಅಂದ್ರೆ ನಾನು ಜಗಳಕ್ಕೇ ಬರ್ತೀನಿ. ಆಸ್ಪತ್ರೆ ವಿಷ್ಯ. ಮೊದಲು ಬಂದಿದ್ದು ಕೆಲವೇ ಕುಟುಂಬ, ಮದುವೆಯೆಲ್ಲ ಒಳಗೊಳಗೇ, ಹಾಗಾಗಿ ಕೆಲವು ಅಪರೂಪದ ಆನುವಂಶಿಕ ಕಾಯಿಲೆ ಇವ್ರಲ್ಲಿ ಜಾಸ್ತಿ. ಗ್ಲುಟಾರಿಕ್ ಆಸಿಡೂರಿಯಾ ಅಂತ ಒಂದಿದೆ, ಮಗು ಹುಟ್ಟಿದಾಗ ಚೆನ್ನಾಗೇ ಇರುತ್ತೆ, ಒಂದು ಸಾಮಾನ್ಯ ಜ್ವರ ಬಂದು ಇಳಿಯೋಷ್ಟರಲ್ಲಿ ಕೈಕಾಲು ಸ್ವಾಧೀನ ತಪ್ಪಿರುತ್ತೆ. ಹುಟ್ಟಿದ ತಕ್ಷಣ ಪತ್ತೆ ಹಚ್ಚಿದ್ರೆ ಪಥ್ಯದಿಂದ, ಜ್ವರ ಬಂದಾಗ ಎಚ್ಚರ ವಹಿಸೋದ್ರಿಂದ ಬಹಳಷ್ಟು ಮಕ್ಕಳನ್ನ ಉಳಿಸ್ಬೋದು. ಹೋಮ್ಸ್ ಮಾರ್ಟನ್ ಅನ್ನೋ ಡಾಕ್ಟರು 1989ರಲ್ಲಿ ಲ್ಯಾಂಕಾಸ್ಟರ್ ಕೌಂಟಿಯ ಸ್ಟ್ರಾಸ್‌ಬರ್ಗಲ್ಲಿ ಕ್ಲಿನಿಕ್ ಫಾರ್ ಸ್ಪೆಷಲ್ ಚಿಲ್ಡ್ರನ್ ಶುರು ಮಾಡಿದ್ರು. ಆ ಕಟ್ಟಡಾನ ಆಮಿಶ್ ಮತ್ತೆ ಮೆನೊನೈಟ್ (ಇವ್ರೂ ಅನಾಬ್ಯಾಪ್ಟಿಸ್ಟರೇ) ಜನಾನೇ ಕೂಡಿ ಮರದ ತೊಲೆ ಎತ್ತಿ ನಿಲ್ಸಿದ್ದು, ಕೊಟ್ಟಿಗೆ ಕಟ್ಟೋ ಹಾಗೇ. ಹೊರಗೆ ಕುದುರೆ ಕಟ್ಟೋ ಗೂಟ, ಒಳಗೆ ಜೀನ್ ಪರೀಕ್ಷೆ ಲ್ಯಾಬು! ವರ್ಷ ವರ್ಷ ಕೌದಿ, ಪೀಠೋಪಕರಣ ಹರಾಜು ಹಾಕಿ ದುಡ್ಡು ಕೂಡಿಸ್ತಾರೆ. ಇನ್ಶೂರೆನ್ಸ್ ಮಾಡ್ಸಲ್ಲ ಬಹಳ ಜನ, ಬಿಲ್ ಬಂದ್ರೆ ಸಮುದಾಯದ ನಿಧಿಯಿಂದ ಕಟ್ತಾರೆ. ನನ್ ವಾರ್ಡಲ್ಲಿ ಒಂದು ಹೆರಿಗೆ ಬಿಲ್ಲನ್ನ ನೋಟಲ್ಲಿ ಎಣಿಸಿ ಕೊಟ್ಟೋಗಿದ್ದು ನೋಡಿದೀನಿ.

ಅದಕ್ಕೇ ನಾನು ಹೇಳೋದು, ಮೆಷೀನ್ ಎಷ್ಟು ಹೊಸದು ಅನ್ನೋದು ಅವ್ರಿಗೆ ಲೆಕ್ಕವೇ ಅಲ್ಲ. ಜೀನ್ ಟೆಸ್ಟಿಂದ ಮನೆ ಮನೆ ಮಧ್ಯೆ ಗೋಡೆ ಏಳಲ್ಲ, ಅದಕ್ಕೆ ಅದು ಸುಲಭವಾಗಿ ಒಳಗೆ ಬಂತು. ಸೈಕಲ್ ನೋಡಿ, ಲ್ಯಾಂಕಾಸ್ಟರಲ್ಲಿ ಇವತ್ತಿಗೂ ಬೇಡ, ಕಾಲಲ್ಲಿ ತಳ್ಳೋ ಸ್ಕೂಟರ್ ಬಳಸ್ತಾರೆ, ಸೈಕಲ್ ಇದ್ರೆ ಹುಡುಗ್ರು ಬಹಳ ದೂರ ಹೋಗ್ತಾರೆ ಅಂತ. ನಮ್ಮ ಹೋಮ್ಸ್ ಕೌಂಟೀಲಿ ಈಗ ಎಲೆಕ್ಟ್ರಿಕ್ ಸೈಕಲಲ್ಲಿ ಆಮಿಶ್ ಅಜ್ಜಂದಿರು ಸರ್ ಅಂತ ಹೋಗ್ತಾರೆ. ಅದೇ ರಸ್ತೇಲಿ ಸ್ವಾರ್ಟ್ಸೆಂಟ್ರೂಬರ್ ಅನ್ನೋ ತೀರಾ ಕಟ್ಟುನಿಟ್ಟಿನ ಗುಂಪಿನ ಗಾಡಿ ಸೀಮೆಣ್ಣೆ ಲಾಂದ್ರ ನೇತಾಕ್ಕೊಂಡು ಹೋಗ್ತಿರುತ್ತೆ, ಅವ್ರು ಗಾಡಿ ಹಿಂದೆ ನಿಧಾನ ಹೋಗೋ ವಾಹನ ಅಂತ ತೋರ್ಸೋ ಕಿತ್ತಳೆ ತ್ರಿಕೋನ ಹಾಕೋದಕ್ಕೂ ಒಪ್ಪಲ್ಲ, ಕೆಂಟಕಿಯಲ್ಲಿ ಅದಕ್ಕೇ ಜೈಲಿಗೂ ಹೋಗಿದಾರೆ. ಆ ತ್ರಿಕೋನ ಇಲ್ದೆ ಆದ ಆಕ್ಸಿಡೆಂಟ್ ಕೇಸು ನೋಡಿರೋ ನನಗೆ ಮಾತ್ರ ಇದು ಸರಿ ಅಂತ ಅನ್ಸೇ ಇಲ್ಲ, ಯಾವತ್ತೂ.

ಕಡಲ_ತಡಿ:

ಆಯ್ತು ಸಿಸ್ಟರ್, ದೀಕ್ಷೆ ವಿಷಯ ನನಗೆ ಗೊತ್ತಿರಲಿಲ್ಲ. ಆದ್ರೂ 19 ವರ್ಷಕ್ಕೆ ಕೊಟ್ಟ ಮಾತು 40ಕ್ಕೆ ಉರುಳಾಗಬಾರ್ದು. ಅದರಲ್ಲಿ ನಾನು ಬದಲಾಗುದಿಲ್ಲ.

ತೋಟದ್ಮನೆ_ತಿಪಟೂರು:

ನಾನು ಹಸು ಕಟ್ಟಿದೀನಿ, ಅದಕ್ಕೆ ಕೇಳ್ತೀನಿ. ಕರೆಂಟಿಲ್ದೆ ಹಾಲು ಹೆಂಗೆ ಕೆಡದಂಗೆ ಇಡ್ತಾರೆ? ನಮ್ ಡೇರೀಲಿ ಬಿಎಂಸಿ (ಹಾಲು ತಣ್ಣಗಿಡೋ ದೊಡ್ಡ ಟ್ಯಾಂಕು) ಕೂರಿಸಿದ್ಮೇಲೆ ಕರೆಂಟ್ ಹೋದ್ರೆ ಜನರೇಟರ್ ಹಾಕ್ಲೇಬೇಕು, ಇಲ್ಲಾಂದ್ರೆ ಕತೆ ಮುಗೀತು.

ಹಾಸನ್_ಟು_ಹ್ಯಾರಿಸ್‌ಬರ್ಗ್:

ಇದು ನನಗೂ ಕುತೂಹಲ ಆಗಿ ಓದ್ಕೊಂಡೆ, ಸಖತ್ ಕಥೆ. 1960ರ ದಶಕದ ಕೊನೇಲಿ ಲ್ಯಾಂಕಾಸ್ಟರಲ್ಲಿ ಹಾಲಿನ ಕಂಪನಿಗಳು ಇನ್ಮೇಲೆ ಕ್ಯಾನ್ ಬೇಡ, ತಣ್ಣಗಿರೋ ದೊಡ್ಡ ಟ್ಯಾಂಕಲ್ಲೇ ಹಾಲು ಇಡ್ಬೇಕು ಅಂದ್ವಂತೆ. ಟ್ಯಾಂಕಿಗೆ ಕರೆಂಟ್ ಬೇಕು. ಕರೆಂಟ್ ಇಲ್ಲ ಅಂದ್ರೆ ಹಾಲು ತಗೊಳಲ್ಲ, ಹಾಲಿಲ್ಲ ಅಂದ್ರೆ ವ್ಯವಸಾಯ ಮುಗೀತು, ವ್ಯವಸಾಯ ಹೋದ್ರೆ ಜನ ಫ್ಯಾಕ್ಟರಿಗೆ ಹೋಗ್ತಾರೆ. ಬಿಷಪ್‌ಗಳು ಕಂಪನಿಯವ್ರ ಜೊತೆ ಕೂತ್ರು. ಕೊನೆಗೆ ಆಗಿದ್ದೇನು ಅಂದ್ರೆ ಟ್ಯಾಂಕ್ ಓಕೆ, ಆದ್ರೆ ತಣ್ಣಗೆ ಮಾಡೋದು ಡೀಸೆಲ್ ಇಂಜಿನ್ನು, ಹಾಲು ಕಲಕೋ ಸಣ್ಣ ಮೋಟ್ರಿಗೆ 12 ವೋಲ್ಟಿನ ಬ್ಯಾಟರಿ, ಭಾನುವಾರ ಮಾತ್ರ ಹಾಲಿನ ಲಾರಿ ಬರಂಗಿಲ್ಲ. ಕಂಪನಿ ಒಪ್ತು!

ತಮಾಷೆ ಏನಂದ್ರೆ ಆ ಡೀಸೆಲ್ ಇಂಜಿನ್ ಹೇಗೂ ಕೊಟ್ಟಿಗೆಗೆ ಬಂತಲ್ಲ, ಅದಕ್ಕೇ ಕಂಪ್ರೆಸರ್ ಸೇರಿಸಿದ್ರೆ ಬೇರೆ ಮೆಷೀನೂ ಓಡ್ಸಬೋದು ಅನ್ನೋ ದಾರಿ ಇನ್ನಷ್ಟು ಸಲೀಸಾಯ್ತು. ನಾನು ನೋಡಿದ ರಬ್ಬರ್ ಪೈಪುಗಳ ವಂಶವೃಕ್ಷ ಇದು. ಇದಕ್ಕೆ ಅಲ್ಲಿ "ಆಮಿಶ್ ಕರೆಂಟ್" ಅಂತಾನೇ ಕರೀತಾರೆ.

ಓಹಾಯೋ_ಸಿಸ್ಟರ್:

ನಮ್ಮ ಕಡೆ ಟ್ಯಾಂಕ್ ಬೇಡ ಅಂದೋರು ಕ್ಯಾನಲ್ಲೇ ಹಾಲು ಹಾಕ್ತಾರೆ, ಅದು ಚೀಸ್ ಫ್ಯಾಕ್ಟರಿಗೆ ಹೋಗುತ್ತೆ. ಹೋಮ್ಸ್ ಕೌಂಟಿ ಸ್ವಿಸ್ ಚೀಸ್ ತಿಂದಿದ್ರೆ ನೀವೂ ಆ ಕಟ್ಟಲೆಯ ಪಾಲುದಾರರೇ.

ಲಾಜಿಕ್_ಎಲ್ಲಿದೆ:

ಸರಿ, ನಾನು ಕಳ್ಳ ದಾರಿ ಅಂದಿದ್ದು ವಾಪಸ್ ತಗೋತೀನಿ, ಅರ್ಧ. ಆದ್ರೆ ಸ್ಮಾರ್ಟ್‌ಫೋನ್‌ಗೆ ಏನ್ಮಾಡ್ತಾರೆ? ಅದಕ್ಕೆ ಕಂಬಾನೂ ಬೇಡ, ತಂತೀನೂ ಬೇಡ, ಸೋಲಾರಲ್ಲೇ ಚಾರ್ಜ್ ಆಗುತ್ತೆ. ಅವ್ರ ರೂಲ್ಸ್ ಪ್ರಕಾರವೇ ಪಾಸಾಗಬೇಕಲ್ಲ?

ಓಹಾಯೋ_ಸಿಸ್ಟರ್:

ಅಲ್ಲೇ ಇರೋದು ಈಗಿನ ಗಂಟು. ನೂರು ವರ್ಷ ಅವ್ರ ಕಟ್ಟಲೆ ನಡೆದಿದ್ದು ಕಣ್ಣಿಗೆ ಕಾಣೋ ವಸ್ತುಗಳ ಮೇಲೆ. ಮನೆ ಮುಂದೆ ಕಾರಿದ್ರೆ ಕಾಣುತ್ತೆ, ಕಂಬದಿಂದ ತಂತಿ ಎಳೆದ್ರೆ ಕಾಣುತ್ತೆ, ಗೂಡಿನ ಹತ್ರ ಯಾರು ಎಷ್ಟು ಹೊತ್ತು ನಿಂತಿದ್ರು ಅಂತ ರಸ್ತೇಲಿ ಹೋಗೋರಿಗೆಲ್ಲ ಕಾಣುತ್ತೆ. ಮೊಬೈಲ್ ಜೇಬಲ್ಲಿರುತ್ತೆ. ಕಟ್ಟಡ ಕೆಲ್ಸದ ಕಂಟ್ರಾಕ್ಟರು, "ಗಿರಾಕಿ ಬೇರೆ ದಾರಿ ಇಲ್ಲ ಅಂತಾರೆ, ಸೈಟಲ್ಲಿ ಮಾತ್ರ" ಅಂತ ಇಟ್ಕೋತಾನೆ. ಕೆಲವು ಕಡೆ ಇಂಗ್ಲಿಷ್ ಪಾರ್ಟ್‌ನರ್ ಹೆಸರಲ್ಲಿ ಇರುತ್ತೆ. ಇಂಗ್ಲಿಷ್ ಅಂದ್ರೆ ಅವ್ರ ಭಾಷೇಲಿ ಆಮಿಶ್ ಅಲ್ಲದ ಎಲ್ರೂ, ನಾನೂ ಇಂಗ್ಲಿಷೇ, ಕನ್ನಡದೋಳು ಅಂದ್ರೂ ಬಿಡಲ್ಲ! ದೀಕ್ಷೆಗೆ ಮುಂಚೆ ಹುಡುಗ್ರಿಗೆ ಸ್ವಲ್ಪ ಸಡಿಲ ಇರುತ್ತೆ, ರುಮ್‌ಸ್ಪ್ರಿಂಗ ಅಂತಾರೆ, ಆ ವಯಸ್ಸಲ್ಲಿ ಬಹಳ ಜನರ ಹತ್ರ ಸ್ಮಾರ್ಟ್‌ಫೋನಿದೆ. ದೀಕ್ಷೆ ತಗೋವಾಗ ಬಿಡ್ಬೇಕು. ಕಾರಾದ್ರೆ ಮಾರಿದ್ರಾ ಇಲ್ವಾ ಗೊತ್ತಾಗುತ್ತೆ. ಫೋನ್?

ಕೆಲವು ಕಡೆ ಮಧ್ಯದ ದಾರಿ ಹುಡುಕಿದಾರೆ. ನೋಡೋಕೆ ಹಳೇ ಲ್ಯಾಂಡ್‌ಲೈನ್ ಥರಾನೇ ಇರೋ ಪೆಟ್ಟಿಗೆ, ಒಳಗೆ ಮೊಬೈಲ್ ನೆಟ್‌ವರ್ಕ್, ಮಾತು ಬಿಟ್ರೆ ಇನ್ನೇನೂ ಇಲ್ಲ. ಲೆಕ್ಕ ಬರೆಯೋಕೆ ಅಂತ ಇಂಟರ್ನೆಟ್, ವಿಡಿಯೋ, ಹಾಡು ಯಾವುದೂ ಇಲ್ದಿರೋ ಕಂಪ್ಯೂಟರನ್ನ ಇವ್ರಿಗಂತಾನೇ ಮಾಡಿ ಮಾರ್ತಾರೆ. ಆದ್ರೆ ಇಂಡಿಯಾನಾದ ಎಲ್ಕ್‌ಹಾರ್ಟ್, ಲಗ್ರೇಂಜ್ ಕಡೆ ಸಾವಿರಾರು ಆಮಿಶ್ ಗಂಡಸ್ರು ಮನೆ ಥರ ಇರೋ ದೊಡ್ಡ ವ್ಯಾನು ಮಾಡೋ ಫ್ಯಾಕ್ಟರೀಲಿ ಕೆಲ್ಸ ಮಾಡ್ತಾರೆ, ಎಲ್ಲಾ ಕರೆಂಟ್ ಮೆಷೀನು, ಪಕ್ಕದೋನ ಕೈಲಿ ಸ್ಮಾರ್ಟ್‌ಫೋನು. ವ್ಯವಸಾಯ ಮಾಡೋರು ಈಗ ಕಮ್ಮಿ. ಅಪ್ಪ ದಿನವಿಡೀ ಹೊರಗೆ. ತಿಪಟೂರಿನವ್ರು ಕೇಳಿದ ಹೇಸರಗತ್ತೆ ಕಾಯ್ತಿದ್ದ ಬೇಲಿ ಆ ಮನೆಗಳಿಗಿಲ್ಲ.

ಒಬ್ಬ ವಯಸ್ಸಾದ ಪೇಷಂಟು ಒಂದ್ಸಲ ನನ್ ಹತ್ರ ಅಂದಿದ್ರು, ಕುದುರೆ ತಪ್ಪಿಸ್ಕೊಂಡು ಹೋದ್ರೆ ಬಾಗ್ಲು ತೆಗೆದಿಟ್ಟೋರು ಯಾರು ಅಂತ ಗೊತ್ತಾಗುತ್ತೆ, ಇದಕ್ಕೆ ಬಾಗಿಲೇ ಇಲ್ಲ ಅಂತ. ನಾನು ಆಗ ಅವ್ರ ಬಿಪಿ ನೋಡ್ತಿದ್ದೆ, ಜಾಸ್ತೀನೇ ಇತ್ತು.

ಸುಮ್ನೆ_ಓದೋಳು:

ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಮಕ್ಕಳಿಗೆ ಎಷ್ಟನೇ ಕ್ಲಾಸಿಗೆ ಫೋನ್ ಕೊಡ್ಬೇಕು ಅಂತ ಎಲ್ಲ ಪೇರೆಂಟ್ಸ್ ಸೇರಿ ಒಂದು ತೀರ್ಮಾನಕ್ಕೆ ಬರೋಣ ಅಂತ ಹಾಕಿದ್ದೆ. 140 ಮನೆ. 9 ಜನ ಥಂಬ್ಸ್ ಅಪ್ ಒತ್ತಿದ್ರು, ಅದರಲ್ಲಿ ಇಬ್ರು ಸಾರಿ ತಪ್ಪಾಗಿ ಒತ್ತಿದ್ದು ಅಂದ್ರು.

ಹಳೇ_ಪೇಪರ್_ಧಾರವಾಡ:

😂 ನಿಮ್ಮ ಅಪಾರ್ಟ್‌ಮೆಂಟಿಗೆ ಚೀಟಿ ಎತ್ತಿ ಒಬ್ಬರನ್ನ ಬಿಷಪ್ ಮಾಡ್ರಿ ಅಕ್ಕಾರ.

ಹಾಸನ್_ಟು_ಹ್ಯಾರಿಸ್‌ಬರ್ಗ್:

ಅಪ್‌ಡೇಟ್. ಉಯ್ಯಾಲೆ ಬಂತು. ಆ ಬಡಗಿ ಬಿಲ್ ಮೇಲೆ ಫೋನ್ ನಂಬರ್ ಬರ್ದು ಪಕ್ಕದಲ್ಲಿ "ಬೆಳಿಗ್ಗೆ 7ರಿಂದ 7.30" ಅಂತ ಬರ್ದಿದ್ರು, ಆ ಅರ್ಧ ಗಂಟೆ ಗೂಡಿನ ಹತ್ರ ಇರ್ತಾರಂತೆ. ನಾನು ಅಭ್ಯಾಸಬಲ ಮಧ್ಯಾಹ್ನ ಮಾಡಿ ವಾಯ್ಸ್‌ಮೇಲ್ ಬಿಟ್ಟೆ. ಎರಡು ದಿನ ಉತ್ರ ಇಲ್ಲ. ನಾನು ದಿನಕ್ಕೆ ನಾಕ್ ಸಲ ಫೋನ್ ನೋಡೋದು, ಅಮ್ಮ ಬೈಯೋದು. ಮೂರನೇ ದಿನ ಬೆಳಿಗ್ಗೆ 7.10ಕ್ಕೆ ಅವ್ರೇ ಮಾಡಿ, ರೆಡಿ ಇದೆ, ಭಾನುವಾರ ಬಿಟ್ಟು ಯಾವತ್ತಾದ್ರೂ ಬನ್ನಿ ಅಂದ್ರು, ಇಟ್ರು. ಹದಿನೈದು ಸೆಕೆಂಡ್ ಕಾಲ್.

ಹೋದಾಗ ನೇರವಾಗಿ ಕೇಳೇಬಿಟ್ಟೆ, ಈ ಸೋಲಾರ್ ಹಾಕ್ವಾಗ ಚರ್ಚಲ್ಲಿ ಒಪ್ಪಿಗೆ ತಗೊಂಡ್ರಾ ಅಂತ. ನಕ್ಕು, "ನನ್ ಭಾವ ಮೊದಲು ಹಾಕಿದ. ಯಾರೂ ಏನೂ ಅನ್ಲಿಲ್ಲ. ಆಮೇಲೆ ನಾನು ಹಾಕಿದೆ" ಅಂದ್ರು. ಸಿಸ್ಟರ್ ಹೇಳಿದ್ದು ಅಕ್ಷರಶಃ ಅದೇ!

ಅಮ್ಮ ಅಷ್ಟೊತ್ತಿಗೆ ಅವ್ರ ಹೆಂಡ್ತಿ ಜೊತೆ ಅಡುಗೆಮನೇಲಿ ಕೂತಿದ್ರು, ಇವ್ರಿಗೆ ಇಂಗ್ಲಿಷ್ ಬರಲ್ಲ, ಆಯಮ್ಮ ಮನೇಲಾಡೋದು ಪೆನ್ಸಿಲ್ವೇನಿಯಾ ಡಚ್ಚು (ಜರ್ಮನ್ ಥರದ ಭಾಷೆ), ಏನು ಮಾತಾಡ್ಕೊಂಡ್ರೋ ಗೊತ್ತಿಲ್ಲ, ವಾಪಸ್ ಬರುವಾಗ ಅಮ್ಮನ ಕೈಲಿ ಎರಡು ಬಾಟ್ಲು ಬೀಟ್‌ರೂಟ್ ಉಪ್ಪಿನಕಾಯಿ. ಫ್ರಿಜ್ಜು ಗ್ಯಾಸಲ್ಲಿ ಓಡುತ್ತಂತೆ ಕಣೋ ಅಂತ ದಾರಿಯುದ್ದಕ್ಕೂ ಅದೇ ಮಾತು.

ತರ್ಲೆ_ತಮ್ಮಯ್ಯ:

ಫೋಟೋ ಎಲ್ಲಿ ಗುರು? ಬಡಗಿ ಸಮೇತ ಹಾಕು.

ಹಾಸನ್_ಟು_ಹ್ಯಾರಿಸ್‌ಬರ್ಗ್:

ಅವ್ರು ಪೋಸ್ ಕೊಟ್ಟು ಫೋಟೋ ತೆಗೆಸ್ಕೊಳಲ್ಲ, ನಾನು ಕೇಳೂ ಇಲ್ಲ. ಉಯ್ಯಾಲೆದು ನಾಳೆ ಹಾಕ್ತೀನಿ, ಈಗ ಅಮ್ಮ ಅದರ ಮೇಲೆ ಮಲಗಿದಾರೆ.